ಕಾಗದದ ಮೇಲೆ ಹೊಲಿದ ಗಣಪ

ಮೊನ್ನೆ ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ ಇಸ್ತ್ರಿ ಬಂಡಿಯ ಪಕ್ಕದಲ್ಲಿ ಹಾದುಹೋಗುತ್ತಿದ್ದೆ. ಬಂಡಿಯವರು ಯಾರದೋ ರೇಷ್ಮೆ ಸೀರೆಯ ಮೇಲೆ ಹಳೆಯ ಪೇಪರ್ ಹಾಸಿ, ಅದರ ಮೇಲೆ ಕೆಂಡದ ಪೆಟ್ಟಿಗೆ ಒತ್ತುತ್ತಿದ್ದರು. ಕಾದ ಕಾಗದದ ವಾಸನೆ ಬಂತು. ಸುಟ್ಟ ವಾಸನೆಯಲ್ಲ, ಸುಡುವುದಕ್ಕೆ ತುಸು ಮುಂಚಿನದು. ಅದರ ಜೊತೆಗೆ ಹಳೆಯ ರೇಷ್ಮೆ ಬೆಚ್ಚಗಾದಾಗ ಬರುವ ಮಂದವಾದ ಇನ್ನೊಂದು ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. "ಏನ್ ಮೇಡಂ, ಬಟ್ಟೆ ಕೊಡ್ಬೇಕಿತ್ತಾ?" ಎಂದು ಅವರು ಕೇಳಿದರು. ಇಲ್ಲ ಎಂದು ಹೇಳಿ ಮುಂದೆ ನಡೆದೆ. ಆದರೆ ಮೆಟ್ರೋ ನಿಲ್ದಾಣ ತಲುಪುವ ತನಕ ತಲೆಯಲ್ಲಿ ಓಡಿದ್ದು ಒಂದೇ ಮಳೆಗಾಲ. ನಮ್ಮತ್ತೆ ತೀರಿಕೊಂಡ ಮರುವರ್ಷದ್ದು, ನಾನು ಬಟ್ಟೆಯನ್ನು ಕಾಗದದ ಮೇಲೆ ಹೊಲಿಯಲು ಕಲಿತದ್ದು.

ನಾವಿರುವುದು ವಿಮಾನಪುರದ ಕಡೆ. ನಮ್ಮವರು ವಿಮಾನ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದವರು, ನಾನು ವಿಮೆ ಕಚೇರಿಯಲ್ಲಿದ್ದವಳು. ಇಬ್ಬರೂ ನಿವೃತ್ತರಾಗಿ ಮನೆಯಲ್ಲಿ ಒಬ್ಬರ ಕಾಲಿಗೊಬ್ಬರು ಅಡ್ಡ ಬರುತ್ತಿದ್ದ ದಿನಗಳು ಅವು. ನಮ್ಮವರ ಅಣ್ಣ, ಅಂದರೆ ನನ್ನ ಭಾವ, ಮತ್ತು ನನ್ನ ಓರಗಿತ್ತಿ ಶಾರದಕ್ಕ ಹಲಸೂರಿನ ಹಳೆಯ ಮನೆಯಲ್ಲಿದ್ದಾರೆ. ಅತ್ತೆ ಇದ್ದದ್ದು ಅವರ ಜೊತೆ. ನಾನು ಮದುವೆಯಾಗಿ ಬಂದಂದಿನಿಂದ ಗೌರಿ ಗಣೇಶ ಹಬ್ಬವೆಂದರೆ ಹಲಸೂರಿನ ಮನೆಯೇ. ಗಣಪತಿ ಕೂರುವುದು ಅಲ್ಲಿ, ಕಡುಬು ಬೇಯುವುದು ಅಲ್ಲಿ, ನಾವು ಹಿಂದಿನ ದಿನವೇ ಬಟ್ಟೆ ಚೀಲದ ಸಮೇತ ಹೋಗಿ ಬೀಳುವುದೂ ಅಲ್ಲೇ.

ಶಾರದಕ್ಕನ ಮಡಿ ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧ. ಹಬ್ಬದ ದಿನ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಏನಾದ್ರೂ ಕೊಡ್ಲಾ ಅಕ್ಕ?" ಎಂದರೆ "ಅಲ್ಲೇ ನೆಲದ ಮೇಲಿಡು, ನಾನ್ ತಗೋತೀನಿ" ಎನ್ನುವವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಅತ್ತೆ ನಮ್ಮಿಬ್ಬರ ನಡುವೆ ಮಣೆಯ ಮೇಲೆ ಕುಳಿತು ಕಡುಬಿನ ಹಿಟ್ಟು ನಾದುತ್ತಾ, ಅವರಿಗೆ ಹೇಳುವುದನ್ನು ನನಗೂ, ನನಗೆ ಹೇಳುವುದನ್ನು ಅವರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು. ಹಾಗಾಗಿ ನಾವಿಬ್ಬರೂ ಮಾತಾಡಿಕೊಳ್ಳುತ್ತೇವೆ ಎಂದೇ ನಾನು ತಿಳಿದಿದ್ದೆ. ಅತ್ತೆ ಹೋದ ಮೇಲೆ ಗೊತ್ತಾಯಿತು, ನಾವು ಮಾತಾಡುತ್ತಿದ್ದದ್ದು ಅತ್ತೆಯ ಜೊತೆ ಮಾತ್ರ.

ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಜಗಳವೇ ಆಗಿರಲಿಲ್ಲ. ವರ್ಷದೊಳಗೆ ಹಬ್ಬ ಮಾಡುವಂತಿಲ್ಲವಲ್ಲ, ಹಾಗಾಗಿ ಆ ವರ್ಷ ನಾವು ಹಲಸೂರಿಗೆ ಹೋಗಲಿಲ್ಲ. ಫೋನ್ ಮಾಡುವುದಕ್ಕೆ "ಅತ್ತೆ ಹೇಗಿದ್ದಾರೆ" ಎಂಬ ಪ್ರಶ್ನೆಯೇ ಇಲ್ಲದ ಮೇಲೆ ಇನ್ನೇನು ಕೇಳುವುದು ಎಂದು ನನಗೂ ತೋಚಲಿಲ್ಲ, ಅವರಿಗೂ ತೋಚಿರಲಿಕ್ಕಿಲ್ಲ. ಮರುವರ್ಷ ಆಷಾಢದಲ್ಲಿ ಅತ್ತೆಯ ವರ್ಷದ ವೈದಿಕಕ್ಕೆ ಸೇರಿದಾಗ, ಊಟವಾಗಿ ಎಲೆ ಎತ್ತಿದ ಮೇಲೆ ಭಾವ ಕೈ ಒರೆಸಿಕೊಳ್ಳುತ್ತಾ ತಮ್ಮನಿಗೆ ಹೇಳಿದರು: "ಇನ್ಮೇಲೆ ನೀವೂ ನಿಮ್ಮನೇಲೇ ಗಣಪತಿ ಇಟ್ಕೊಂಬಿಡಿ ಕಣಪ್ಪ. ಆ ಟ್ರಾಫಿಕ್ಕಲ್ಲಿ ಅಷ್ಟು ದೂರದಿಂದ ಯಾಕೆ ಒದ್ದಾಡ್ತೀರಾ?"

ಅವರು ಕನಿಕರದಿಂದಲೇ ಹೇಳಿದ್ದು. ನಮ್ಮವರು ತಲೆಯಾಡಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದ ಶಾರದಕ್ಕನ ಮುಖ ನೋಡಿದೆ. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಒಳಗೆ ಕರೆದು ಅತ್ತೆಯ ಬೀರು ತೆರೆದರು. "ನಿಂಗೆ ಬೇಕಾದ್ದು ತಗೋ ಗಿರಿಜಾ" ಎಂದರು. ನಾನು ಆರಿಸಿಕೊಂಡದ್ದು ಅತ್ತೆ ಹಬ್ಬಕ್ಕೆ ಉಡುತ್ತಿದ್ದ ಅರಿಶಿನ ಬಣ್ಣದ ರೇಷ್ಮೆ ಸೀರೆ, ಕುಂಕುಮದ ಬಣ್ಣದ ಅಂಚಿನದು. "ಅದು ಉಡೋಕಾಗಲ್ಲ. ಮಡಿಕೇಲೆಲ್ಲಾ ಬಿಟ್ಟಿದೆ" ಎಂದರು ಅಕ್ಕ. ಇರಲಿ ಎಂದು ಚೀಲಕ್ಕೆ ಹಾಕಿಕೊಂಡೆ.

ವಾಪಸ್ ಬರುವಾಗ ಆಟೋದಲ್ಲಿ ನನಗೆ ಅಳು ಬಂತು. ನನ್ನ ತವರು ಎಂಬುದು ಎಂದೋ ಮುಗಿದಿತ್ತು, ಅಕ್ಕ ಎಂದು ಕರೆಯಲು ಲೋಕದಲ್ಲಿ ಉಳಿದಿದ್ದವರು ಇವರೊಬ್ಬರೇ. ಇನ್ನು ಹಲಸೂರಿಗೆ ಹೋಗಲು ಏನು ನೆಪ? ನಮ್ಮವರನ್ನು ಕೇಳಿದೆ. "ಹೋಗ್ಬೇಕು ಅನ್ಸಿದ್ರೆ ಹೋಗೋದಪ್ಪ, ಅದಕ್ಕೇನು ಅರ್ಜಿ ಹಾಕ್ಬೇಕಾ?" ಎಂದರು. ಗಂಡಸರಿಗೆ ಇಂಥದ್ದು ಅರ್ಥವಾಗುವುದಿಲ್ಲ. ಕೈಬೀಸಿಕೊಂಡು ಹೋದರೆ ಒಂದು ಸಲ ಹೋಗಬಹುದು, ಎರಡು ಸಲ ಹೋಗಬಹುದು. ಮೂರನೆಯ ಸಲ ಬಾಗಿಲು ತೆರೆದವರ ಮುಖದಲ್ಲಿ "ಏನ್ ವಿಷಯ?" ಎಂದು ಬರುತ್ತದೆ.

ನನಗೆ ಹುಟ್ಟಿನಿಂದ ಬಂದ ಒಂದು ಚಾಳಿಯಿದೆ. ಯಾರಾದರೂ ಕೈಯಲ್ಲಿ ಏನಾದರೂ ಮಾಡುತ್ತಿದ್ದರೆ ಕತ್ತು ಚಾಚಿ ನೋಡುವುದು. ಕಚೇರಿಯಲ್ಲಿದ್ದಾಗಲೂ ಊಟದ ಹೊತ್ತಿನಲ್ಲಿ ಯಾರ ಕ್ರೋಶಾ ಯಾವ ಸಾಲಿಗೆ ಬಂದಿದೆ ಎಂಬುದು ನನಗೆ ಗೊತ್ತಿರುತ್ತಿತ್ತು. ವೈದಿಕವಾದ ಮುಂದಿನ ವಾರ ಲೈನಿಂಗ್ ಬಟ್ಟೆಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. ಅಲ್ಲಿನ ಒಂದು ಸಂದಿಯಲ್ಲಿ ದಾರ, ಲೇಸು, ಗುಂಡಿ ಮಾರುವ ಇಕ್ಕಟ್ಟಾದ ಅಂಗಡಿ. ನನ್ನ ಪಕ್ಕ ನಿಂತಿದ್ದ ಬುರ್ಖಾ ತೊಟ್ಟ ಹಿರಿಯ ಹೆಂಗಸು ದಾರದ ಬಣ್ಣ ಹೊಂದಿಸಲು ಒಂದು ಚೌಕದ ತುಂಡು ತಂದಿದ್ದರು. ಅದರಲ್ಲಿ ಬಟ್ಟೆ ಚೂರುಗಳನ್ನು ಕೂಡಿಸಿ ಮಾಡಿದ ಎಂಟು ಮೂಲೆಯ ನಕ್ಷತ್ರ. ಎಂಟು ತುದಿಗಳೂ ಸೂಜಿಮೊನೆಯಷ್ಟು ಚೂಪು. ನಾನೂ ಚೂರು ಬಟ್ಟೆಯ ಕೌದಿ ಹೊಲಿದವಳೇ, ನನ್ನ ಮೂಲೆಗಳು ಒಂದೂ ನೆಟ್ಟಗೆ ಸೇರಿದ್ದಿಲ್ಲ.

"ಇಷ್ಟು ಚೂಪಾಗಿ ಹೇಗೆ ಬಂತು?" ಎಂದು ಕೇಳಿಯೇಬಿಟ್ಟೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕಾಗದದ ಮೇಲೆ ಹೊಲಿಯೋದು."

"ಕಾಗದ ಆಮೇಲೆ ಏನ್ ಮಾಡ್ತೀರಾ?"

"ಹರಿದು ಬಿಸಾಕೋದು." ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಹೇಳಿದ್ರೆ ತಿಳಿಯಲ್ಲ. ಬುಧವಾರ ಮನೆಗೆ ಬನ್ನಿ, ತೋರಿಸ್ತೀನಿ."

ಹೀಗೆ ಸಿಕ್ಕಿದವರು ಜರೀನಾ ಆಪಾ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾದವರು. ಪುಲಿಕೇಶಿನಗರದಲ್ಲಿ, ಮಾಸ್ಕ್ ರೋಡಿನ ಕಬಾಬಿನ ಹೊಗೆ ದಾಟಿ ಎಡಕ್ಕೆ ಹೊರಳಿದರೆ ಅವರ ಮನೆ. ಮುಂದಿನ ಕೋಣೆಯಲ್ಲಿ ಕೆಂಪು ಗಾರೆಯ ನೆಲ, ಉದ್ದನೆಯ ಮೇಜು, ಎರಡು ಮೆಷಿನ್ನು, ಯಾವಾಗಲೂ ಕಾದಿರುವ ಒಂದು ಇಸ್ತ್ರಿಪೆಟ್ಟಿಗೆ. ಎರಡು ಬಸ್ಸು ಬದಲಿಸಿ ಬುಧವಾರ ನಾನು ಅಲ್ಲಿ ಹಾಜರಾದೆ. ಆಷಾಢದ ಗಾಳಿ ಆ ಕೋಣೆಯ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೊರಡುತ್ತಿತ್ತು, ಅದರ ಜೊತೆಗೆ ಕಾಗದಗಳೂ ಹೊರಡುತ್ತಿದ್ದವು. ಮೊದಲ ದಿನ ನಾನು ಕಲಿತದ್ದಕ್ಕಿಂತ ಕಾಗದ ಹಿಡಿಯಲು ಓಡಿದ್ದೇ ಹೆಚ್ಚು.

ಕೆಲಸದ ಕ್ರಮ ಹೀಗೆ. ತೆಳ್ಳನೆಯ ಕಾಗದದ ಮೇಲೆ ಸ್ಕೇಲಿನಲ್ಲಿ ಚಿತ್ರದ ಗೆರೆಗಳನ್ನು ಎಳೆದಿರುತ್ತಾರೆ. ಗೆರೆಗಳ ನಡುವಿನ ಒಂದೊಂದು ಮನೆಗೂ ಒಂದು ಅಂಕಿ. ಮೊದಲ ಮನೆಯ ಹಿಂದೆ, ಅಂದರೆ ಕಾಗದದ ಗೆರೆಯಿಲ್ಲದ ಬದಿಯಲ್ಲಿ, ಒಂದು ಬಟ್ಟೆ ಚೂರು ಇಡಬೇಕು. ಎರಡನೆಯ ಚೂರನ್ನು ಅದರ ಮೇಲೆ ಮುಖಕ್ಕೆ ಮುಖ ಹೊಂದಿಸಿ ಇಡಬೇಕು. ಆಮೇಲೆ ಕಾಗದ ತಿರುಗಿಸಿ, ಆ ಎರಡು ಮನೆಗಳ ನಡುವಿನ ಗೆರೆಯ ಮೇಲೆ ಮೆಷಿನ್ ಓಡಿಸಬೇಕು. ಹೊಲಿಯುವಾಗ ಬಟ್ಟೆ ಕೆಳಗಿರುತ್ತದೆ, ಕಾಣುವುದೇ ಇಲ್ಲ. ಕಣ್ಣೆದುರು ಇರುವುದು ಕಾಗದ, ಗೆರೆ ಮಾತ್ರ. ಹೊಲಿದಾದ ಮೇಲೆ ಎರಡನೆಯ ಚೂರನ್ನು ಮಗುಚಿ ಇಸ್ತ್ರಿ ಒತ್ತಿದರೆ ಅದು ತನ್ನ ಮನೆಗೆ ಹೋಗಿ ಕೂರುತ್ತದೆ. ಹೀಗೆಯೇ ಮೂರನೆಯದು, ನಾಲ್ಕನೆಯದು. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆದರೆ ಬಟ್ಟೆಯಷ್ಟೇ ಉಳಿಯುತ್ತದೆ.

ಹೇಳುವುದು ಸುಲಭ. ನಾನು ಮಗುಚಿದ ಚೂರುಗಳಲ್ಲಿ ಮೊದಲನೆಯದು ತನ್ನ ಮನೆಯ ಅರ್ಧಕ್ಕೇ ನಿಂತಿತು. ಎರಡನೆಯದು ಸರಿಯಾಗಿ ಮುಚ್ಚಿತು, ಆದರೆ ಒಳಮೈ ಮೇಲಾಗಿತ್ತು. ಮೂರನೆಯದನ್ನು ಹೊಲಿದದ್ದು ಬೇರೆ ಯಾವುದೋ ಗೆರೆಯ ಮೇಲೆ. ಆಪಾ ಬೈಯಲಿಲ್ಲ, ಹೊಲಿಗೆ ಬಿಚ್ಚುವ ಚೂಪು ಕಡ್ಡಿಯನ್ನು ನನ್ನ ಕಡೆ ಸರಿಸಿದರು.

"ಕೈಕು, ಯಾಕೆ ಅವಸರ? ನೀವು ಬಟ್ಟೆ ಕಡೆಯಿಂದ ಯೋಚನೆ ಮಾಡ್ತಿದೀರ. ಕಾಗದದ ಕಡೆಯಿಂದ ಯೋಚನೆ ಮಾಡಿ. ಬಟ್ಟೆನ ಮರೀರಿ."

ಬಟ್ಟೆ ಹೊಲಿಯುವಾಗ ಬಟ್ಟೆಯನ್ನೇ ಮರೆಯಬೇಕು ಎಂಬ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದು ನಮ್ಮವರಿಗೆ ವಿವರಿಸಿದೆ, ಅವರು ಆಕಳಿಸಿದರು. ಆದರೆ ನಾನು ಬಿಡಲಿಲ್ಲ. ಶ್ರಾವಣ ಬರುವ ಹೊತ್ತಿಗೆ ನನ್ನ ಕೈಯಲ್ಲೂ ಒಂದು ನಕ್ಷತ್ರ ಮೂಡಿತು. ತುದಿಗಳು ಚೂಪಾಗಿದ್ದವು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಕ್ಕದವರಿಗೂ ತೋರಿಸಿದೆ, ನಾಚಿಕೆಯೇನೂ ಆಗಲಿಲ್ಲ. ಎಷ್ಟೊಂದು ಸಣ್ಣ ಸಣ್ಣ ವಿಷಯಗಳು ಗೊತ್ತಾಗುತ್ತಿದ್ದವು ಆಗ. ಹೊಲಿಗೆ ಆದಷ್ಟು ಚಿಕ್ಕದಿರಬೇಕು, ಆಗ ಕಾಗದದಲ್ಲಿ ಸಾಲು ತೂತು ಬಿದ್ದು ಅಂಚೆಚೀಟಿಯ ಹಾಗೆ ಸಲೀಸಾಗಿ ಹರಿಯುತ್ತದೆ. ಜಿಟಿಜಿಟಿ ಮಳೆ ಹಿಡಿದ ದಿನ ಕಾಗದ ಥಂಡಿ ಕುಡಿದು ಮೆತ್ತಗಾಗುತ್ತದೆ, ಆಗ ಹರಿಯಲು ಹೋದರೆ ಹೊಲಿಗೆಯೇ ಬಿಚ್ಚಿಕೊಳ್ಳುತ್ತದೆ, ಮೊದಲು ಇಸ್ತ್ರಿಯಲ್ಲಿ ಒಣಗಿಸಿಕೊಳ್ಳಬೇಕು. ಹಳೆಯ ಬಟ್ಟೆಗೆ ಈ ವಿದ್ಯೆ ಹೇಳಿ ಮಾಡಿಸಿದ್ದು ಎಂಬುದು ಕೊನೆಗೆ ತಿಳಿದ ಸಂಗತಿ.

"ಹಳೇ ರೇಷ್ಮೆ ಕೈಯಲ್ಲಿ ನಿಲ್ಲಲ್ಲ, ಜಾರತ್ತೆ, ಎಳೆ ಬಿಡತ್ತೆ" ಎಂದರು ಆಪಾ. "ಆದ್ರೆ ಕಾಗದ ಅದನ್ನ ಹಿಡ್ಕೊಂಡಿರತ್ತೆ. ಹೊಲಿಗೆ ಮುಗಿಯೋವರೆಗೂ ಬಿಡಲ್ಲ."

ಅಂದು ನನ್ನ ತಲೆಯಲ್ಲಿ ಅತ್ತೆಯ ಸೀರೆ ಬಂತು. ಮಡಿಕೆಗಳಲ್ಲಿ ಬಿರಿದಿತ್ತು ನಿಜ, ಆದರೆ ಮಡಿಕೆ ಮಡಿಕೆಯ ನಡುವೆ ಗಟ್ಟಿ ಬಟ್ಟೆ ಇನ್ನೂ ಇತ್ತು. ಅದರಲ್ಲಿ ಒಂದು ಗಣಪತಿಯನ್ನು ಮಾಡಿ, ಹಬ್ಬಕ್ಕೆ ಹಲಸೂರಿನ ಮನೆಯ ಗೋಡೆಗೆ ತೂಗುಹಾಕುವ ಹಾಗೆ ಕೌದಿ ಹೊಲಿದುಕೊಂಡು ಹೋದರೆ? ಕೈಬೀಸಿಕೊಂಡು ಹೋದಂತಾಗುವುದಿಲ್ಲ. ಅತ್ತೆಯೂ ಹಬ್ಬಕ್ಕೆ ಬಂದಂತಾಗುತ್ತದೆ. ಅಕ್ಕ ಒಪ್ಪಿ ಗೋಡೆಗೆ ಹಾಕಿಸಿಕೊಂಡರೆ ಮುಂದಿನ ವರ್ಷವೂ ನಾವು ಅಲ್ಲಿಗೇ ಹೋಗುತ್ತೇವೆ, ಒಪ್ಪದಿದ್ದರೆ ನಮ್ಮ ಮನೆಯಲ್ಲಿ ನಾವೇ ಇಬ್ಬರು ಕೂತು ಕಡುಬು ತಿನ್ನುತ್ತೇವೆ. ನನ್ನ ಲೆಕ್ಕ ಇಷ್ಟೇ ಇತ್ತು.

"ಆಪಾ, ಇದರಲ್ಲಿ ಗಣಪತಿ ಮಾಡಬಹುದಾ?" ಎಂದು ಕೇಳಿದೆ.

ಆಪಾ ಕನ್ನಡಕ ತೆಗೆದು ಯೋಚಿಸಿದರು. ಅವರ ಗೋಡೆಯ ಮೇಲಿದ್ದದ್ದೆಲ್ಲ ನಕ್ಷತ್ರ, ಕಮಾನು, ಎಂಟು ಎಸಳಿನ ಹೂವು. ಪ್ರಾಣಿ, ಮನುಷ್ಯರ ಚಿತ್ರವನ್ನು ಅವರು ಮಾಡುವವರಲ್ಲ. "ಇದಕ್ಕೆ ಗೆರೆ ಎಲ್ಲಾ ನೇರ ಇರ್ಬೇಕು. ನಿಮ್ ಗಣಪತಿ ಎಲ್ಲಾ ಕಡೆ ಗುಂಡಗೆ ಅಲ್ವಾ?" ಎಂದರು. ಆಮೇಲೆ ಅವರಿಗೂ ಕುತೂಹಲ ತಡೆಯಲಿಲ್ಲ. "ನಾನ್ ಮಾಡಿಲ್ಲ. ನೀವು ನಕ್ಷೆ ತನ್ನಿ, ನೋಡೇಬಿಡೋಣ."

ಗುಂಡಗಿನ ಗಣಪನನ್ನು ನೇರ ಗೆರೆಯಲ್ಲಿ ಹಿಡಿಯುವುದಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮದುವೆ ಕರೆಯೋಲೆಯೊಂದರ ಮೇಲಿದ್ದ ಗಣಪತಿಯನ್ನು ಮುಂದಿಟ್ಟುಕೊಂಡು, ಕಿವಿಯನ್ನು ಬೀಸಣಿಗೆಯ ಹಾಗೆ ಪಟ್ಟಿ ಪಟ್ಟಿಯಾಗಿ ಸೀಳಿದೆ. ಹೊಟ್ಟೆಗೆ ಎಂಟು ಮೂಲೆ ಬಂತು. ನಮ್ಮವರು ಊಟದ ಮೇಜಿನಿಂದ ಇಣುಕಿ "ಡಬ್ಬದ ಹಾಗಿದೆ" ಎಂದರು. ಅತಿ ಕಷ್ಟವಾದದ್ದು ಸೊಂಡಿಲು. ಅದು ಬಾಗಬೇಕು, ಆದರೆ ಬಾಗಿದ ಗೆರೆ ಇರಬಾರದು. ಕೊನೆಗೆ ಒಂದರ ಪಕ್ಕ ಒಂದು ಸ್ವಲ್ಪ ಸ್ವಲ್ಪವೇ ಓರೆಯಾದ ಪಟ್ಟಿಗಳನ್ನು ಜೋಡಿಸುತ್ತಾ ಹೋದರೆ ದೂರದಿಂದ ಬಾಗಿದಂತೆ ಕಾಣುತ್ತದೆ ಎಂಬುದು ಹೊಳೆಯಿತು. ಎಡಗೈಯಲ್ಲಿ ಮೋದಕ, ಅದರತ್ತ ತಿರುಗಿದ ಸೊಂಡಿಲು. ಮನೆಗಳಲ್ಲಿ ಪೂಜೆಗೆ ಇಡುವ ಗಣಪತಿ ಹಾಗೆಯೇ ಇರುವುದು. ನನ್ನ ನಕ್ಷೆಯಲ್ಲೂ ಹಾಗೆಯೇ ಇತ್ತು.

ಸೀರೆಗೆ ಕತ್ತರಿ ಹಾಕುವ ದಿನ ಬಂತು. ಮೇಜಿನ ಮೇಲೆ ಸೀರೆ ಹರಡಿದರೆ ಅತ್ತೆಯ ಬೀರುವಿನ ವಾಸನೆ. ಬೇಡ ಬಿಡಿ ಆಪಾ, ಮಡಿಸಿ ಇಟ್ಟುಬಿಡುತ್ತೇನೆ ಎಂದೆ.

"ಇಟ್ರೆ ಏನ್ ಆಗತ್ತೆ? ಇನ್ನು ಸ್ವಲ್ಪ ವರ್ಷಕ್ಕೆ ಪುಡಿ ಆಗತ್ತೆ" ಎಂದರು ಅವರು. "ಘಬರಾನಾ ನಕ್ಕೋ, ಹೆದರ್ಬೇಡಿ. ನೀವು ನಿಮ್ ದೇವರ ಹೆಸರು ಹೇಳಿ, ನಾನು ನಮ್ದು ಹೇಳ್ತೀನಿ. ಹಾಕಿ."

ಹಾಕಿದೆ. ಒಮ್ಮೆ ಕತ್ತರಿ ಆಡಿದ ಮೇಲೆ ಭಯ ಹೋಯಿತು, ಮತ್ತೆ ಕುತೂಹಲವೇ ಮುಂದೆ ಬಂತು. ಕಿವಿಯ ಭಾಗ, ಹೊಟ್ಟೆಯ ಭಾಗ, ಸೊಂಡಿಲಿನ ಭಾಗ ಎಂದು ಬೇರೆ ಬೇರೆ ಕಾಗದಗಳಲ್ಲಿ ಹೊಲಿದು ಆಮೇಲೆ ಕೂಡಿಸುವುದು. ಕೂಡಿಸಿ ಮುಗಿಯುವ ತನಕ ಕಾಗದ ತೆಗೆಯಬಾರದು. ನಾನು ಆಪಾ ಹೇಳಿದ ಹಾಗೆ ಬಟ್ಟೆಯನ್ನು ಮರೆತಿದ್ದೆ. ಕಾಗದವನ್ನೇ ನೋಡಿಕೊಂಡು, ಗೆರೆಗೆ ಗೆರೆ ಹೊಂದಿಸಿ, ಕಾಗದದ ಮೇಲಿನ ಗಣಪ ಪೂರ್ತಿಯಾಗುವುದನ್ನು ಕಂಡು ಹಿಗ್ಗಿದ್ದೆ. ಆಗಾಗ ಮಗುಚಿ ಇಸ್ತ್ರಿ ಒತ್ತಿದಾಗ ಬಟ್ಟೆಯ ಕಡೆಯೂ ಕಾಣುತ್ತಿತ್ತು, ಆದರೆ ಆಗ ನಾನು ನೋಡುತ್ತಿದ್ದದ್ದು ಮೂಲೆ ಚೂಪಾಗಿದೆಯೋ ಇಲ್ಲವೋ ಎಂದು. ಮೂಲೆಗಳೆಲ್ಲ ಚೂಪಾಗಿಯೇ ಇದ್ದವು.

ಹಬ್ಬ ಹತ್ತಿರವಾಗುತ್ತಿತ್ತು. ಕಾಗದ ಹರಿದು ತೆಗೆದು, ನಡುವೆ ತೆಳ್ಳನೆಯ ಹತ್ತಿ ಪದರ, ಹಿಂದೆ ಬಿಳಿಯ ಬಟ್ಟೆ ಇಟ್ಟು, ಮೂರನ್ನೂ ಸೇರಿಸಿ ಹೊಲಿದು, ಸುತ್ತ ಕುಂಕುಮದ ಬಣ್ಣದ ಅಂಚನ್ನೇ ಪಟ್ಟಿ ಮಾಡಿ ಕಟ್ಟಿದೆ. ಮನೆಗೆ ತಂದು ವರಾಂಡದ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು ನಮ್ಮವರನ್ನು ಕರೆದೆ. ಅವರು ಪೇಪರ್ ಮಡಿಸಿಕೊಂಡು ಬಂದು ನಿಂತರು. ಅಮ್ಮನ ಸೀರೆ ಎಂದು ಗುರುತು ಹಿಡಿದು ಅಂಚನ್ನು ಮುಟ್ಟಿ ನೋಡಿದರು. ಆಮೇಲೆ ತಲೆಯನ್ನು ಒಂದು ಕಡೆ ವಾಲಿಸಿದರು.

"ಲೇ ಗಿರಿಜಾ, ಇವನ ಮೋದಕ ಯಾವ ಕೈಲಿದೆ?"

"ಎಡಗೈಲಿ ಕಣ್ರೀ."

"ಸರಿಯಾಗಿ ನೋಡು."

ನೋಡಿದೆ. ಮೋದಕ ಬಲಗೈಯಲ್ಲಿತ್ತು. ಸೊಂಡಿಲು ಬಲಕ್ಕೆ ತಿರುಗಿತ್ತು. ಒಳಗೆ ಓಡಿಹೋಗಿ ಮೊದಲು ಎಳೆದಿಟ್ಟಿದ್ದ ನಕ್ಷೆ ತಂದು ಪಕ್ಕದಲ್ಲಿ ಹಿಡಿದೆ. ನಕ್ಷೆಯಲ್ಲಿ ಎಡಕ್ಕೇ ಇತ್ತು. ನಮ್ಮವರು ಕೌದಿಯನ್ನು ಹಗ್ಗದಿಂದ ತೆಗೆದು ಬೀರುವಿನ ಕನ್ನಡಿಯ ಮುಂದೆ ಹಿಡಿದರು. ಕನ್ನಡಿಯೊಳಗೆ ಗಣಪತಿ ಸರಿಯಾಗಿ ಕೂತಿದ್ದ. ಆಗ ಅರ್ಥವಾಯಿತು. ಗೆರೆ ಕಾಗದದ ಒಂದು ಕಡೆ, ಬಟ್ಟೆ ಇನ್ನೊಂದು ಕಡೆ. ಕಾಗದದ ಹಿಂದಿನಿಂದ ಹುಟ್ಟುವ ಚಿತ್ರ ಯಾವಾಗಲೂ ತಿರುಗುಮುರುಗಾಗಿಯೇ ಹುಟ್ಟುತ್ತದೆ. ನಕ್ಷೆಯನ್ನೇ ಉಲ್ಟಾ ಎಳೆದುಕೊಳ್ಳಬೇಕಿತ್ತು.

"ಕನ್ನಡೀನೂ ಜೊತೇಲಿ ತಗೊಂಡ್ಹೋಗೋಣ ಬಿಡು" ಎಂದರು ನಮ್ಮವರು. ನನಗೆ ನಗು ಬರಲಿಲ್ಲ.

ಆಪಾಗೆ ಫೋನ್ ಮಾಡಿ ಹೇಳಿದೆ. "ಯಾ ಅಲ್ಲಾ" ಎಂದರು. "ಇಷ್ಟು ವರ್ಷ ಕಲಿಸಿದೀನಿ, ಒಂದ್ ದಿನಾನೂ ಇದು ತಲೆಗೆ ಬಂದಿಲ್ಲ. ನಮ್ ನಕ್ಷತ್ರಕ್ಕೆ ಎಡ ಬಲ ಇಲ್ಲವಲ್ಲ ಗಿರಿಜಾ. ಹೆಂಗೆ ತಿರುಗಿಸಿದ್ರೂ ನಕ್ಷತ್ರಾನೇ." ಆಮೇಲೆ ಮೆಲ್ಲಗೆ ಕೇಳಿದರು: "ಬಲಕ್ಕಿದ್ರೆ ಏನ್ ಆಗತ್ತೆ?"

ಏನಾಗುತ್ತದೆ? ಬಲಮುರಿ ಗಣಪತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೆ, ಯಾಕೆಂದು ಕೇಳಿರಲಿಲ್ಲ. ಈಗ ಸಿಕ್ಕಸಿಕ್ಕವರನ್ನು ಕೇಳತೊಡಗಿದೆ. ನಮ್ಮ ಬೀದಿಯ ಗುಡಿಯ ಅರ್ಚಕರು ಬಲಮುರಿಗೆ ಶಕ್ತಿ ಹೆಚ್ಚು, ನಿಷ್ಠೆಯೂ ಅಷ್ಟೇ ಹೆಚ್ಚು ಬೇಕು, ದಿನ ತಪ್ಪದೆ ಸ್ನಾನ ಮಾಡಿ ಮಡಿಯಲ್ಲಿ ನೈವೇದ್ಯವಾಗಬೇಕು ಎಂದರು. ಪಕ್ಕದ ಮನೆಯಾಕೆ ಅವನು ಸಿಟ್ಟಿನ ದೇವರು, ಹುಷಾರು ಎಂದರು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅದೆಲ್ಲ ಕಲ್ಲಿನ ಮೂರ್ತಿಗೆ, ಬಟ್ಟೆ ಗಣಪನಿಗೆ ಯಾವ ನಿಯಮ ಎಂದು ನಕ್ಕರು. ಕೇಳುತ್ತಾ ಹೋದಷ್ಟೂ ವಿಷಯ ಸ್ವಾರಸ್ಯವಾಗುತ್ತಿತ್ತು, ನನ್ನ ಫಜೀತಿ ಮಾತ್ರ ಇದ್ದಲ್ಲೇ ಇತ್ತು. ಬೇರೆ ಯಾರ ಮನೆಯಾದರೂ ಒಂದು ಮಾತು. ಶಾರದಕ್ಕನ ಮನೆಗೆ ಹೋಗಿ, ಅತ್ತೆಯ ಸೀರೆಯನ್ನು ಕತ್ತರಿಸಿದ್ದಲ್ಲದೆ ಅದರಲ್ಲಿ ಬಲಮುರಿ ಮಾಡಿ ತಂದಿದ್ದೇನೆ ಎಂದು ಹೇಳುವುದು ಹೇಗೆ?

ಇನ್ನೊಂದು ಮಾಡಿಕೊಡುತ್ತೇನೆ, ರಾತ್ರಿ ಹಗಲು ಕೂತರೂ ಸರಿ ಎಂದರು ಆಪಾ. ಆದರೆ ಸೀರೆಯಲ್ಲಿ ಗಟ್ಟಿ ಬಟ್ಟೆ ಉಳಿದಿರಲಿಲ್ಲ, ಉಳಿದದ್ದು ಕೈಯಿಟ್ಟಲ್ಲಿ ಎಳೆಯಾಗುತ್ತಿತ್ತು. ಬೇರೆ ಬಟ್ಟೆಯಲ್ಲಿ ಮಾಡಿದರೆ ಅದು ಅಂಗಡಿಯ ಗಣಪ. ಅದಕ್ಕಾಗಿ ಹಲಸೂರಿಗೆ ಹೋಗಬೇಕಾಗಿಲ್ಲ. ಎರಡು ದಿನ ಕೌದಿಯನ್ನು ಸುತ್ತಿ ಮಂಚದ ಮೇಲಿಟ್ಟು ಅದರ ಸುತ್ತ ಓಡಾಡಿದೆ. ಮೂರನೆಯ ದಿನ ನಮ್ಮವರು ಅಣ್ಣನಿಗೆ ಫೋನ್ ಮಾಡಿ "ಈ ಸಲ ಹಬ್ಬಕ್ಕೆ ಬರ್ತೀವಿ ಕಣಣ್ಣ" ಎಂದುಬಿಟ್ಟರು. ಆ ಕಡೆಯಿಂದ ಭಾವ "ಬನ್ನಿ ಬನ್ನಿ, ಬರಬೇಡಿ ಅಂದೋರ್ಯಾರು" ಎಂದದ್ದು ನನಗೂ ಕೇಳಿಸಿತು. ಇನ್ನು ಹೆದರಿ ಪ್ರಯೋಜನವಿರಲಿಲ್ಲ. ನಿಜ ಹೇಳಬೇಕೆಂದರೆ, ಅಕ್ಕ ಏನು ಹೇಳಿಯಾರು ಎಂದು ತಿಳಿಯುವ ಆಸೆಯೂ ಒಳಗೊಳಗೇ ಹುಟ್ಟಿತ್ತು.

ಹಬ್ಬದ ಬೆಳಗ್ಗೆ ಸಣ್ಣ ಹನಿ. ಹಲಸೂರಿನ ಬೀದಿಯಲ್ಲಿ ಗರಿಕೆ, ಬಾಳೆಕಂದು, ಮಣ್ಣಿನ ಗಣಪತಿಗಳಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಶಾರದಕ್ಕ ಒದ್ದೆ ಜುಟ್ಟು ಕಟ್ಟಿ ಮಡಿಯುಟ್ಟು ಒಲೆಯ ಮುಂದಿದ್ದರು. "ಬಂದ್ರಾ" ಎಂದರು, ಅಷ್ಟೆ. ಅವರು ಕಡುಬಿನ ಹಿಟ್ಟನ್ನು ಒಬ್ಬರೇ ನಾದುತ್ತಿದ್ದರು. ಆಗಾಗ ಮಂಡಿ ಹಿಡಿದುಕೊಂಡು ಏಳುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು ತೆಂಗಿನಕಾಯಿ ಬಟ್ಟಲನ್ನು ನೆಲದ ಮೇಲಿಟ್ಟೆ, ಅವರು ತೆಗೆದುಕೊಂಡರು. ಅತ್ತೆಯ ಮಣೆ ಗೋಡೆಗೆ ಒರಗಿಸಿಟ್ಟಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಪೂಜೆಯಾಯಿತು, ಮಂಗಳಾರತಿಯಾಯಿತು, ಊಟವೂ ಆಯಿತು. ಮಾತು ಮಾತ್ರ ಎಲ್ಲಿಗೂ ಸಾಗಲಿಲ್ಲ.

ಎಲೆ ಎತ್ತಿದ ಮೇಲೆ ನಾನು ಚೀಲದಿಂದ ಕೌದಿ ತೆಗೆದು ಹಾಲಿನ ಚಾಪೆಯ ಮೇಲೆ ಬಿಡಿಸಿದೆ. ಶಾರದಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ಕಷ್ಟಪಟ್ಟು ಕೆಳಗೆ ಕೂತರು.

"ಇದು ಅತ್ತೆ ಹಬ್ಬದ ಸೀರೆ."

"ಹೌದಕ್ಕ."

"ಕತ್ತರಿಸಿಬಿಟ್ಯಾ?"

"ಎಲ್ಲಾ ಬಿಟ್ಟುಹೋಗ್ತಿತ್ತು ಅಕ್ಕ. ಇಟ್ಟಿದ್ರೆ ಪುಡಿಯಾಗಿರೋದು."

ಅವರು ಕಿವಿಯ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಹೊಟ್ಟೆಯ ಮೇಲೆ, ಅಂಚಿನ ಮೇಲೆ. ಮಗುಚಿ ಹಿಂಬದಿಯ ಹೊಲಿಗೆಯನ್ನೂ ನೋಡಿದರು. ಮತ್ತೆ ಮುಂದಕ್ಕೆ ತಿರುಗಿಸಿದರು. ಬೆರಳು ಸೊಂಡಿಲಿಗೆ ಬಂದು ನಿಂತಿತು.

"ಬಲಮುರಿ" ಎಂದರು.

ನಾನು ಕಾಗದದ ಕಥೆಯನ್ನೆಲ್ಲ ಹೇಳಿದೆ. ಗೆರೆ ಒಂದು ಕಡೆ, ಬಟ್ಟೆ ಒಂದು ಕಡೆ, ಕನ್ನಡಿಯಲ್ಲಿ ಸರಿ ಇದ್ದದ್ದು, ಆಪಾ, ನಕ್ಷತ್ರ, ಎಲ್ಲ. ಮಾತು ತೊದಲುತ್ತಿತ್ತು. ನಮ್ಮವರೂ ಭಾವನೂ ಪೇಪರ್ ಓದುವವರಂತೆ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ನನ್ನ ಮಾತು ಪೂರ್ತಿ ಕೇಳಿದರೋ ಇಲ್ಲವೋ, ಮಂಡಿಯ ಮೇಲೆ ಕೈಯೂರಿ ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಕೌದಿಯನ್ನು ಸುತ್ತಲು ತೊಡಗಿದೆ. ಕಣ್ಣು ತುಂಬಿ ಬಂದು ಅಂಚು ಸರಿಯಾಗಿ ಕಾಣುತ್ತಿರಲಿಲ್ಲ.

"ಯಾಕೆ ಸುತ್ತುತಿದೀಯ?" ಒಳಗಿನಿಂದ ಅಕ್ಕ ಬಂದು ನಿಂತಿದ್ದರು. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು.

"ತಪ್ಪಾಗಿದೆಯಲ್ಲ ಅಕ್ಕ. ಮನೆಗೆ ತಗೊಂಡ್ಹೋಗ್ತೀನಿ."

"ನಿಮ್ಮನೇಲಿ ಇದನ್ನ ಇಟ್ಕೊಳ್ಳೋ ಹಾಗಿದ್ಯಾ? ಬಲಮುರಿ ಅದು. ದಿನಾ ಸ್ನಾನ ಆಗಿ, ಬಾಯಿಗೆ ಒಂದ್ ಹನಿ ನೀರೂ ಹಾಕ್ದೆ ನೈವೇದ್ಯ ಮಾಡ್ಬೇಕು. ನಿಂಗೆ ಎದ್ದ ತಕ್ಷಣ ಕಾಫಿ ಬೇಕು." ಅವರು ಭಾವನ ಕಡೆ ತಿರುಗಿದರು. "ರೀ, ಮೊಳೆ ಸುತ್ತಿಗೆ ತನ್ನಿ. ದೇವರಮನೆ ಎದುರು ಗೋಡೆಗೆ."

ಭಾವ ಎದ್ದುಹೋಗಿ ಮೊಳೆ ಹುಡುಕತೊಡಗಿದರು. ಅಕ್ಕ ಕೌದಿಯ ಮೂಲೆಗೆ ಕುಂಕುಮ ಹಚ್ಚಿದರು. ಗೋಡೆಗೆ ಏರಿಸಿದಾಗ ಹಿಂದೆ ಸರಿದು ನೋಡಿ, ಸ್ವಲ್ಪ ಎಡಕ್ಕೆ ಎಂದರು, ಸ್ವಲ್ಪ ಮೇಲಕ್ಕೆ ಎಂದರು. ಆಮೇಲೆ ನನ್ನ ಕಡೆ ನೋಡದೆ, ಗೋಡೆಯನ್ನೇ ನೋಡುತ್ತಾ ಹೇಳಿದರು:

"ದಿನಾ ನನ್ನೊಬ್ಬಳ ಕೈಲಿ ಆಗಲ್ಲ, ಮಂಡಿ ಬಗ್ಗಲ್ಲ. ಮಂಗಳವಾರದ್ದು ನೀನು ಬಂದು ಮಾಡು. ಮಳೆ, ಟ್ರಾಫಿಕ್ಕು, ಆ ಸಬೂಬೆಲ್ಲಾ ಬೇಡ. ಇವನ ಹತ್ರ ಒಂದ್ ವಾರಾನೂ ತಪ್ಪಿಸೋ ಹಾಗಿಲ್ಲ."

ಆಗಲಿ ಎಂದೆ. ಅಕ್ಕ ಒಳಗೆ ಹೋಗಿ ಡಬ್ಬಿಗೆ ಕಡುಬು ತುಂಬಿಸಿ ತಂದು ನನ್ನ ಕೈಗೇ ಕೊಟ್ಟರು.

ಮುಂದಿನ ಮಂಗಳವಾರ ನಾನು ಕಾಫಿ ಕುಡಿಯದೆ ಮನೆ ಬಿಟ್ಟೆ.